ಎದುರು ನಿಂತವರ ಎಡಗೈ

ತೆರೆಯ ಮೇಲಿನ ಬೂದು ಆಕೃತಿ ಐದನೆಯ ವ್ಯಾಯಾಮಕ್ಕೆ ಬಂದೊಡನೆ ಮತ್ತೆ ಬಿದ್ದಿತು. ಸೋಮವಾರ ಬೆಳಗಿನಿಂದ ಇದು ಹತ್ತೊಂಬತ್ತನೆಯ ಸಲ. ನೊಗಾಮಿ ಚಿಜುರು ತೋರುಬೆರಳನ್ನು ಗಾಜಿನ ಹತ್ತಿರ ಒಯ್ದು, "ಬಿತ್ತು. ಐವತ್ತೆಂಟನೇ ಸೆಕೆಂಡು. ಬಲಕ್ಕೆ" ಎಂದು ಗಟ್ಟಿಯಾಗಿ ಹೇಳಿ ಹಾಳೆಯಲ್ಲಿ ಒಂದು ಗೀಟು ಎಳೆದಳು. ಬೆರಳು ಮಾಡಿ ಬಾಯಿಬಿಟ್ಟು ಹೇಳಿದರೆ ತಪ್ಪು ಕಣ್ತಪ್ಪಿ ಹೋಗುವುದಿಲ್ಲ ಎಂಬುದು ತಮ್ಮೂರು ತೊಬಾತಾದ ಉಕ್ಕಿನ ಕುಲುಮೆಗಳ ಕಾಲದಿಂದ ಬಂದ ರೂಢಿ. ಅವಳ ಅಪ್ಪ ಕುಲುಮೆಯ ಬಾಗಿಲಿಗೆ ಬೆರಳು ಮಾಡುತ್ತಿದ್ದ. ಅವಳು ಕಂಪ್ಯೂಟರಿನ ತೆರೆಗೆ ಮಾಡುತ್ತಿದ್ದಳು.

"ನಮ್ಮ ಚಿಕ್ಕಪ್ಪ ಹೊಸ ವರ್ಷದ ದಿನ ಹೀಗೇ ಬೀಳೋದು," ಎಂದ ಪಕ್ಕದ ಮೇಜಿನ ಸೊನೊಬೆ. ಮೂವತ್ತನಾಲ್ಕರ ಎಂಜಿನಿಯರು, ಎಲ್ಲಕ್ಕೂ ಒಂದು ಚಿಕ್ಕಪ್ಪನ ಕತೆ ಇಟ್ಟುಕೊಂಡವನು. "ವ್ಯತ್ಯಾಸ ಏನಂದ್ರೆ, ಅವರು ಎದ್ದು ಇನ್ನೊಂದು ಲೋಟ ಕೇಳ್ತಾರೆ."

ಚಿಜುರು ನಗಬೇಕಾದ ಹೊತ್ತಿಗೆ ನಕ್ಕಳು. ಮೇ ತಿಂಗಳಿಂದ ಈಚೆಗೆ ಅವಳು ಎಲ್ಲವನ್ನೂ ಆಯಾ ಹೊತ್ತಿಗೆ ಮಾಡುತ್ತಿದ್ದಳು.

ಅವರು ಮಾಡುತ್ತಿದ್ದುದು ಇಷ್ಟು. ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳಲ್ಲಿ, ಮುಂದೆ ನಿಂತು ರೇಡಿಯೋ ವ್ಯಾಯಾಮ ಮಾಡಿಸುವ, ಎದೆಯೆತ್ತರದ ಒಂದು ರೋಬೋ. ರೇಡಿಯೋದಲ್ಲಿ ದಿನಾ ಬೆಳಗ್ಗೆ ಬರುವ ಮೂರು ನಿಮಿಷದ ಪಿಯಾನೊ, ಅದಕ್ಕೆ ಹದಿಮೂರು ವ್ಯಾಯಾಮ. ಈ ದೇಶದಲ್ಲಿ ನಡೆಯಲು ಕಲಿತ ಪ್ರತಿಯೊಬ್ಬರಿಗೂ ಗೊತ್ತಿರುವಂಥದ್ದು. ಯಂತ್ರ ಇನ್ನೂ ಕಾರ್ಖಾನೆಯಲ್ಲಿ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು. ಅಲ್ಲಿಯವರೆಗೆ ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನೆಲದ ಮೇಲೆ, ಅದರ ನೆರಳಿನಂಥ ಆಕೃತಿಯನ್ನು ನಿಲ್ಲಿಸಿ ಆಡಿಸಬೇಕು. ಅದಕ್ಕೆ ಇಪ್ಪತ್ತಮೂರು ಕೀಲುಗಳು. ಪ್ರತಿ ಕೀಲಿಗೂ ಸೆಕೆಂಡಿಗೆ ನೂರು ಸಲ, ಇಷ್ಟು ಮಡಚು, ಇಷ್ಟು ತಿರುಗು ಎಂಬ ಆಜ್ಞೆ ಹೋಗುತ್ತದೆ. ಆ ಆಜ್ಞೆಗಳನ್ನು ಯಾರೂ ಕೂತು ಬರೆದದ್ದಲ್ಲ. ಎರಡು ವರ್ಷದ ಹಿಂದೆ, ಪಾರ್ಕುಗಳಲ್ಲಿ ಬೆಳಗ್ಗೆ ಜನರಿಗೆ ವ್ಯಾಯಾಮ ಮಾಡಿಸುವ ಐದು ಮಂದಿಯನ್ನು ಕರೆಸಿ, ಮೈಗೆ ಬಿಳಿ ಗುಂಡುಗಳನ್ನು ಅಂಟಿಸಿ, ಅವರ ಚಲನೆಯನ್ನು ಕ್ಯಾಮೆರಾಗಳಲ್ಲಿ ಹಿಡಿದಿಟ್ಟದ್ದು. ಐದರಲ್ಲಿ ಒಳ್ಳೆಯದೆಂದು ಆರಿಸಿದ್ದು ಮೂರನೆಯದನ್ನು. ಫೈಲಿನ ಹೆಸರು "ವ್ಯಕ್ತಿ ೩".

ಹನ್ನೊಂದು ಗಂಟೆಗೆ ವಿಭಾಗದ ಮುಖ್ಯಸ್ಥ ಕುಸಾಕಾ ಬಂದು ಇಬ್ಬರ ಹಿಂದೆ ನಿಂತ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಯಾವಾಗಲೂ ಕನ್ನಡಕ ತೆಗೆದು ಒರೆಸುತ್ತಿದ್ದ. ಈಗಲೂ ಒರೆಸಿದ.

"ನೊಗಾಮಿ-ಸಾನ್, ಗುರುವಾರ ಹತ್ತಕ್ಕೆ ಕೇಂದ್ರದಿಂದ ಉಮೆಜು-ಸಾನ್ ಬರ್ತಾರೆ. ಮೂರು ನಿಮಿಷ ಪೂರ್ತಿ ನಿಂತು ತೋರಿಸ್ಬೇಕು."

"ಹೌದು."

"ನಿಲ್ಲದಿದ್ರೆ ಈ ದಾಖಲೆ ಬಿಟ್ಟುಬಿಡೋಣ. ಫುಕುವೊಕಾದಲ್ಲಿ ನೃತ್ಯ ಕಲಿಸೋ ಹುಡುಗ ಒಬ್ಬ ಸಿಕ್ಕಿದಾನೆ. ಮೈ ಸಪೂರ, ಕೈಕಾಲು ಗೀಟು ಹೊಡೆದ ಹಾಗೆ. ಒಂದೇ ದಿನದಲ್ಲಿ ಹೊಸದಾಗಿ ಹಿಡೀಬಹುದು. ಎಷ್ಟು ದಿನ ಅಂತ ಈ ಅಜ್ಜಿ ಜೊತೆ ಗುದ್ದಾಡ್ತೀರಿ?"

"ಬಿಟ್ಟುಬಿಟ್ರೆ, ಈ ದಾಖಲೆ?"

"ಒಪ್ಪಂದದಲ್ಲಿ ಇದೆಯಲ್ಲ. ಬಳಸದೆ ಇದ್ದದ್ದನ್ನ ಅಳಿಸ್ಬೇಕು. ಗುರುವಾರ ಸಂಜೆಯೇ ಅಳಿಸಿಬಿಡಿ, ಅದೊಂದು ಕೆಲಸ ಮುಗೀತದೆ."

"ಸರಿ," ಎಂದಳು ಚಿಜುರು. ದನಿ ಸಮತಟ್ಟಾಗಿತ್ತು. ಕುಸಾಕಾ ಕನ್ನಡಕ ಹಾಕಿಕೊಂಡು ಹೋದ.

ವ್ಯಕ್ತಿ ಮೂರು ಎಂದರೆ ಅವಳ ತಾಯಿ.

ಕಚೇರಿಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ತಾಯಿಯ ಹೆಸರು ಅರಿಯೊಶಿ ತೊಮೊಎ, ಮಗಳದು ಗಂಡನ ಮನೆಯ ಹೆಸರು. ಕೊಲ್ಲಿಯಾಚೆಯ ವಾಕಾಮಾತ್ಸುವಿನಲ್ಲಿ, ಗುಡ್ಡದ ಮೇಲಿನ ಪಾರ್ಕಿನಲ್ಲಿ, ತೊಮೊಎ ನಲವತ್ತೊಂದು ವರ್ಷ ಬೆಳಗಿನ ಆರೂವರೆಗೆ ಜನರ ಮುಂದೆ ನಿಂತವಳು. ವ್ಯಾಯಾಮ ಸಂಘಕ್ಕೆ ಕಚೇರಿಯಿಂದ ಪತ್ರ ಹೋದಾಗ ಸಂಘದವರು ಅವಳನ್ನೇ ಕಳಿಸಿದರು. ತನ್ನವರನ್ನು ತಾನೇ ತೂರಿಸಿದಳು ಎಂಬ ಮಾತು ಬರಬಾರದೆಂದು ಚಿಜುರು ಆ ದಿನ ರಜೆ ಹಾಕಿದ್ದಳು. ತಾಯಿಯೂ ಬಾಯಿ ಬಿಡಲಿಲ್ಲ. ಸಂಜೆ ಫೋನು ಮಾಡಿ, "ನಿಮ್ಮ ಕಚೇರೀಲಿ ಚಹಾ ತುಂಬಾ ತೆಳು ಕಣೇ," ಎಂದಷ್ಟೇ ಹೇಳಿದಳು.

ಮೇ ತಿಂಗಳಲ್ಲಿ ತೊಮೊಎ ಸತ್ತಳು. ಚಿಜುರು ಮೂರು ದಿನದ ಶೋಕದ ರಜೆ ತೆಗೆದುಕೊಂಡಳು. ವಾರ್ಡಿನ ಕಚೇರಿಯಲ್ಲಿ ಕೊಡಬೇಕಾದ ಕಾಗದಗಳನ್ನು ಕೊಟ್ಟಳು, ಬೂದಿಯ ಕುಂಭವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಳು, ನಲವತ್ತೊಂಬತ್ತನೆಯ ದಿನದ ಕರ್ಮಕ್ಕೆ ಗುರುಗಳನ್ನು ಕರೆಸಿದಳು. ಚೀಬಾದಲ್ಲಿ ಕೆಲಸದ ಮೇಲಿದ್ದ ಗಂಡ ಬಂದು ಎರಡು ದಿನ ಇದ್ದು, "ಅಳು ಬಂದ್ರೆ ಅತ್ತುಬಿಡು," ಎಂದು ಹೇಳಿ ಹೋದ. ಅವಳು ಆ ಮಾತನ್ನು ಒಂದು ಕೆಲಸದಂತೆ ಮನಸ್ಸಿನಲ್ಲಿಟ್ಟುಕೊಂಡು ಒಂದು ಭಾನುವಾರ ಕಾದು ಕೂತಳು. ಬರಲಿಲ್ಲ. ಎದ್ದು ಬಟ್ಟೆ ಒಣಹಾಕಿದಳು. ಅಕ್ಕಿಯ ತವುಡಿನಲ್ಲಿ ಬೇಯಿಸಿದ ಬೂತಾಯಿ ಮೀನನ್ನು ಪೇಟೆಯಿಂದ ತಂದು ತಿಂದಳು; ಉಪ್ಪು ಎಂದು ಗೊತ್ತಾಯಿತು, ಮೀನು ಎಂದು ಗೊತ್ತಾಯಿತು, ಅದಕ್ಕಿಂತ ಹೆಚ್ಚು ಏನೂ ಗೊತ್ತಾಗಲಿಲ್ಲ. ಚಳಿಗಾಲದಲ್ಲಿ ಕೈಗವಸು ಹಾಕಿಕೊಂಡು ಪಾತ್ರೆ ಹಿಡಿದಂತೆ ದಿನಗಳನ್ನು ಹಿಡಿದಿದ್ದಳು. ಯಾವುದೂ ಕೈಜಾರುತ್ತಿರಲಿಲ್ಲ, ಯಾವುದೂ ಬಿಸಿಯಾಗಿಯೂ ಇರಲಿಲ್ಲ.

ತಾಯಿ ಬಿಟ್ಟುಹೋದ ಫೋಟೋಗಳು ಹನ್ನೆರಡು. ಎಲ್ಲದರಲ್ಲೂ ನೆಟ್ಟಗೆ ನಿಂತು ಕ್ಯಾಮೆರಾಕ್ಕೆ ಹೆದರಿದ ಮುಖ. ಅವಳು ಚಲಿಸಿದ ದಾಖಲೆ ಲೋಕದಲ್ಲಿ ಇದೊಂದೇ, ಮೂರು ನಿಮಿಷ ಹತ್ತು ಸೆಕೆಂಡು. ಕದ್ದು ನಕಲು ಮಾಡಿಕೊಳ್ಳುವ ಯೋಚನೆ ಚಿಜುರುವಿಗೆ ಬರಲಿಲ್ಲವೆಂದಲ್ಲ. ಬಂತು, ಒಂದು ಕ್ಷಣ ನಿಂತು ಹೋಯಿತು. ಮೂವತ್ತು ವರ್ಷದಲ್ಲಿ ಕಚೇರಿಯ ಒಂದು ಪೆನ್ಸಿಲನ್ನೂ ಅವಳು ಮನೆಗೆ ಒಯ್ದವಳಲ್ಲ. ಉಳಿದ ದಾರಿ ಒಂದೇ: ಗುರುವಾರದೊಳಗೆ ಆಕೃತಿ ನಿಲ್ಲಬೇಕು.

ಮಂಗಳವಾರ ಅವಳು ಮೊದಲಿನಿಂದ ಶುರು ಮಾಡಿದಳು. ಆಜ್ಞೆ ಕೀಲಿಗೆ ತಲುಪುತ್ತಿದೆಯೇ? ತಲುಪುತ್ತಿತ್ತು. ಮೊಣಕೈಗೆ ಹೋಗಬೇಕಾದದ್ದು ಮಣಿಕಟ್ಟಿಗೆ ಹೋಗುತ್ತಿಲ್ಲವಷ್ಟೆ? ಇಲ್ಲ. ಮೂವತ್ತು ಡಿಗ್ರಿ ಎಂದರೆ ಮೂವತ್ತೇ ತಿರುಗುತ್ತಿದೆಯೇ? ತಿರುಗುತ್ತಿತ್ತು. ಕೀಲಿನ ಬಲ ಕಡಿಮೆಯಾಗಿ ಕೈ ಜೋತುಬೀಳುತ್ತಿದೆಯೇ? ಬಲ ಹೆಚ್ಚಿಸಿ ನೋಡಿದಳು. ಆಕೃತಿ ಮಲೇರಿಯಾ ಬಂದವರಂತೆ ನಡುಗಿ, ಅದೇ ಐವತ್ತೆಂಟನೆಯ ಸೆಕೆಂಡಿಗೆ ಬಿತ್ತು. ಮತ್ತೆ ಇಳಿಸಿದಳು.

"ನೆಲಾನೇ ಜಾರ್ತಿದೆಯೇನೋ," ಎಂದ ಸೊನೊಬೆ. "ಸಿಮ್ಯುಲೇಟರಿನ ನೆಲಕ್ಕೆ ಯಾರಾದ್ರೂ ಮೇಣ ಉಜ್ಜಿದಾರಾ?"

ನೆಲವನ್ನು ಒರಟು ಮಾಡಿ ನೋಡಿದಳು. ಅದೂ ಅಲ್ಲ. ಐದನೆಯದು ಪಕ್ಕಕ್ಕೆ ಬಾಗುವ ವ್ಯಾಯಾಮ: ಒಂದು ಕೈ ತಲೆಯ ಮೇಲೆ ಬೀಸಿ ಸೊಂಟವನ್ನು ಪಕ್ಕಕ್ಕೆ ಬಾಗಿಸಬೇಕು. ಪಾದ ಮೊದಲು ಏಳುತ್ತದೆಯೋ, ಸೊಂಟ ಮೊದಲು ಜಾರುತ್ತದೆಯೋ ತಿಳಿಯಲು ಕಾಲ್ಬೆರಳು ಕಾಣಬೇಕಿತ್ತು. ಅಲ್ಲಿ ಎಲ್ಲರೂ ಆಕೃತಿಯನ್ನು ಬೆನ್ನ ಹಿಂದಿನಿಂದಲೇ ನೋಡುವುದು ವಾಡಿಕೆ. ಹಿಂದಿನಿಂದ ನೋಡಿದರೆ ಅದರ ಬಲ ನಮ್ಮ ಬಲ, ಅದರ ಎಡ ನಮ್ಮ ಎಡ; ಲೆಕ್ಕ ತಪ್ಪುವುದಿಲ್ಲ. ಚಿಜುರು ಮೊದಲ ಸಲ ನೋಟವನ್ನು ಸುತ್ತಿಸಿ ಆಕೃತಿಯ ಮುಂಭಾಗಕ್ಕೆ ತಂದಳು. ಪಾದ ನೋಡಿದಳು. ಏನೂ ಹೊಳೆಯಲಿಲ್ಲ. ಹಾಗೇ ಬಿಟ್ಟು ಟಿಪ್ಪಣಿ ಬರೆಯುತ್ತ ಕೂತಳು.

ಮೂರು ಗಂಟೆಗೆ ಧ್ವನಿವರ್ಧಕದಲ್ಲಿ ಪಿಯಾನೊ ಶುರುವಾಯಿತು. ದಿನಕ್ಕೆರಡು ಸಲ ಇಡೀ ಮಹಡಿ ಎದ್ದು ಕುರ್ಚಿ ಹಿಂದಕ್ಕೆ ತಳ್ಳಿ ವ್ಯಾಯಾಮ ಮಾಡುವ ಹೊತ್ತು. ಕುಸಾಕಾ ಗಾಜಿನ ಗೋಡೆಯಾಚೆ ಕೈ ಎತ್ತಿದ. ಸೊನೊಬೆ ಅರ್ಧಂಬರ್ಧ ಕೈ ಬೀಸಿದ. ಚಿಜುರು ಎದ್ದು ನಿಂತಳು. ಸುಮ್ಮನೆ, ಏಕೆಂದು ಕೇಳಿದರೆ ಹೇಳಲಾರದೆ, ಆಕೃತಿಯನ್ನೂ ಜೊತೆಗೇ ಶುರು ಮಾಡಿದಳು.

ಒಂದು, ಎರಡು, ಮೂರು, ನಾಲ್ಕು. ಆಕೃತಿ ಎದುರು ನಿಂತು ಕೈ ಎತ್ತಿತು, ಅವಳೂ ಎತ್ತಿದಳು. ಮೊದಲ ನಾಲ್ಕು ವ್ಯಾಯಾಮಗಳಲ್ಲಿ ಎರಡು ಕೈಗಳದೂ ಒಂದೇ ಕೆಲಸ. ಐದನೆಯದು ಬಂತು. ಆಕೃತಿಯ ಸೊಂಟ ಅವಳ ಎಡಕ್ಕೆ ಬಾಗಿತು. ಅವಳ ಸೊಂಟವೂ ಹೋಯಿತು. ಆದರೆ ಆಕೃತಿ ಎತ್ತಿದ ಕೈ ಬೇರೆ. ಅವಳ ಬಲಗೈ ಏಳುವುದಕ್ಕೂ ಎದುರಿನ ಕೈ ಕಂಡು ಎಡಗೈ ಏಳುವುದಕ್ಕೂ ಸರಿಹೋಗಿ, ಎರಡೂ ತಲೆಯ ಮೇಲೆ ಡಿಕ್ಕಿ ಹೊಡೆದವು. ಕಾಲು ತೊಡರಿ ಅವಳು ಮೇಜಿನ ಅಂಚು ಹಿಡಿದುಕೊಂಡಳು. ತೆರೆಯ ಮೇಲೆ ಆಕೃತಿ ಬಿತ್ತು.

"ನೀವೂ ಬೀಳೋಕೆ ಶುರು ಮಾಡಿದ್ರಾ?" ಎಂದ ಸೊನೊಬೆ.

ಚಿಜುರುವಿನ ಮೈಗೆ ಏನೋ ಗೊತ್ತಾಗಿತ್ತು. ತಲೆಗೆ ಅದು ತಲುಪುವುದನ್ನು ಅವಳು ಕಾಯುತ್ತಿದ್ದಳು. ಬಾಲ್ಯದ ಬೇಸಿಗೆ ರಜೆಗಳಲ್ಲೆಲ್ಲ, ಕೊರಳಿಗೆ ಹಾಜರಿ ಚೀಟಿ ನೇತುಹಾಕಿಕೊಂಡು, ನಿದ್ದೆಗಣ್ಣಲ್ಲಿ ಅವಳು ತಾಯಿಯ ಎದುರು ನಿಂತದ್ದು ಹೀಗೆಯೇ. ತಾಯಿಯ ಯಾವ ಕೈ ಎದ್ದರೆ ತನ್ನ ಯಾವ ಕೈ ಏಳಬೇಕೆಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡಿಯೆದುರು ನಿಂತ ಹಾಗೆ ಮಾಡಿದರೆ ಸರಿಯಾಗಿಯೇ ಇರುತ್ತಿತ್ತು. ಸರಿಯಾಗಿ ಇರುವ ಹಾಗೆ ತಾಯಿಯೇ ಮಾಡುತ್ತಿದ್ದಳು. ರೇಡಿಯೋದ ದನಿ ಎಡ ಎಂದಾಗ, ಎದುರಿನವರ ಎಡಕ್ಕೆ ಹೊಂದಲೆಂದು, ಮುಂದೆ ನಿಂತವರು ತಮ್ಮ ಬಲವನ್ನು ಎತ್ತಬೇಕು. ನಲವತ್ತೊಂದು ವರ್ಷ ತೊಮೊಎ ರೇಡಿಯೋ ಹೇಳಿದ್ದಕ್ಕೆ ಉಲ್ಟಾ ಮಾಡಿದ್ದಳು.

ಪಿಯಾನೊ ನಿಂತಿತು. ಎಲ್ಲರೂ ಕೂತರು. ಚಿಜುರು ನಿಂತೇ, ಒಂದೊಂದು ಕೀಲಿಗೆ ಒಂದೊಂದೇ ಆಜ್ಞೆ ಕಳಿಸಿ, ಮೂಲ ದಾಖಲೆಯ ಪಕ್ಕದಲ್ಲಿಟ್ಟು ನೋಡಿದಳು. ಬೆರಳು ಮಾಡಿದಳು. "ಎಡ ಸೊಂಟ, ಸರಿ. ಬಲ ಸೊಂಟ, ಸರಿ. ಎಡ ಮೊಣಕಾಲು, ಸರಿ." ಭುಜಕ್ಕೆ ಬಂದಾಗ ಬೆರಳು ಗಾಳಿಯಲ್ಲೇ ನಿಂತಿತು. "ಎಡ ಭುಜ... ಇಲ್ಲ. ಇದು ಬಲದ್ದು."

ಸೊಂಟದಿಂದ ಕೆಳಗಿನ ಕೀಲುಗಳನ್ನು ಜೋಡಿಸಿದವಳು ಅವಳು. ಮೇಲಿನವನ್ನು ಜೋಡಿಸಿದವನು ಸೊನೊಬೆ.

"ಸೊನೊಬೆ-ಸಾನ್, ಕೈಗಳ ಎಡ ಬಲ ಅದಲು ಬದಲು ಮಾಡಿದೀರಾ?"

"ಹೌದಲ್ಲ. ಮಾರ್ಚಿನಲ್ಲೇ." ಅವನು ಕುರ್ಚಿಯನ್ನು ಉರುಳಿಸಿಕೊಂಡು ಹತ್ತಿರ ಬಂದ. "ಆಗ ಕಾಲಿರಲಿಲ್ಲ, ಬರೀ ಮುಂಡ, ಮೊಳೆ ಹೊಡೆದು ನಿಲ್ಲಿಸಿದ್ವಿ. ವ್ಯಾಯಾಮದ ಕೈಪಿಡಿ ತೆಗೆದು ನೋಡಿದ್ರೆ ಎಡ ಅಂದ ಕಡೆ ಬಲ, ಬಲ ಅಂದ ಕಡೆ ಎಡ. ಎಂಬತ್ತರ ಹತ್ತಿರದ ಅಜ್ಜಿ, ಪಾಪ, ಎಡ ಬಲ ಗೊತ್ತಾಗ್ತಿಲ್ಲ ಅನ್ಕೊಂಡೆ. ನಾನೇ ತಿದ್ದಿಬಿಟ್ಟೆ. ಯಾಕೆ?"

"ಅವರಿಗೆ ಗೊತ್ತಿತ್ತು."

"ಏನು?"

"ಎಡ ಬಲ. ಎದುರು ನಿಂತು ಮಾಡಿಸೋರು ಉಲ್ಟಾ ಮಾಡ್ಬೇಕು. ನಮ್ಮ ರೋಬೋ ಕೂಡ ಎದುರೇ ನಿಲ್ಲೋದು."

ಸೊನೊಬೆ ತನ್ನ ಎರಡು ಕೈಗಳನ್ನೂ ಎತ್ತಿ ನೋಡಿಕೊಂಡ, ಅವಳ ಕಡೆಗೆ ನೋಡಿದ, ಮತ್ತೆ ಕೈ ನೋಡಿಕೊಂಡ. "ಅಯ್ಯೋ ದೇವ್ರೇ! ನಾನು ಶಾಲೇಲಿ ಯಾವಾಗ್ಲೂ ಹಿಂದಿನ ಸಾಲು. ನನಗೆ ಕಾಣ್ತಿದ್ದದ್ದು ಮುಂದಿನವನ ಕುತ್ತಿಗೆ ಮಾತ್ರ. ಹಾಗಾದ್ರೆ ಈಗ ಕೈ ಒಬ್ಬರದು, ಕಾಲು ಇನ್ನೊಬ್ಬರದು ಆಗಿದೆ?"

"ಹೌದು. ಸೊಂಟ ಬಾಗಿದ ಕಡೆಗೇ ಕೈಯೂ ಹೊರಗೆ ಚಾಚ್ತಿದೆ. ಭಾರ ತಡೆಯೋಲ್ಲ."

"ನೀವು ಬೈಬೇಕು ನನ್ನ. ಮೂರು ವಾರ ಹಾಳು ಮಾಡಿದೆ."

"ಬೈಯೋದೇನಿದೆ," ಎಂದಳು ಚಿಜುರು. ಹೌದು, ಬೈಯುವಂಥದ್ದೇನೂ ಒಳಗೆ ಸಿಗಲಿಲ್ಲ. ಅಜ್ಜಿಗೆ ಎಡ ಬಲ ಗೊತ್ತಾಗುತ್ತಿರಲಿಲ್ಲ ಎಂಬ ಮಾತು ಒಂದು ಕಡೆ ಬಿದ್ದಿತ್ತು. ಅದು ಚುಚ್ಚಬೇಕಿತ್ತು. ಹಲ್ಲಿನ ವೈದ್ಯರು ಸೂಜಿ ಹಾಕಿದ ಮೇಲೆ ಕೆನ್ನೆಯನ್ನು ಮುಟ್ಟಿದಂತೆ, ಮುಟ್ಟಿದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ.

ತಿದ್ದಿದ್ದನ್ನು ಅಳಿಸಲು ನಾಲ್ಕು ನಿಮಿಷ ಸಾಕಾಯಿತು. ಸೊನೊಬೆಯೇ ಗುಂಡಿ ಒತ್ತಿದ. ಐವತ್ತೆಂಟನೆಯ ಸೆಕೆಂಡು ಬಂತು, ಹೋಯಿತು. ಆಕೃತಿ ಪಕ್ಕಕ್ಕೆ ಬಾಗಿ ಎದ್ದಿತು, ಮುಂದಕ್ಕೆ ಬಾಗಿತು, ಸೊಂಟ ತಿರುಗಿಸಿತು, ಹಗುರಾಗಿ ಎಂಟು ಸಲ ನೆಗೆಯಿತು, ಉಸಿರೆಳೆದುಕೊಂಡು ಬಿಟ್ಟು ನಿಂತಿತು. ಮೂರು ನಿಮಿಷ ಹತ್ತು ಸೆಕೆಂಡು.

"ನಿಂತಿತು!" ಎಂದು ಸೊನೊಬೆ ಮೇಜು ಬಡಿದ. ಗಾಜಿನಾಚೆ ಕುಸಾಕಾ ಹೆಬ್ಬೆರಳೆತ್ತಿದ. ಚಿಜುರು ಬೆರಳು ಮಾಡಿ, "ನಿಂತಿದೆ. ಬಿದ್ದಿಲ್ಲ," ಎಂದಳು. ಹಾಳೆಯಲ್ಲಿ ಗೀಟಿನ ಬದಲು ಒಂದು ಸೊನ್ನೆ ಸುತ್ತಿದಳು. ಅಷ್ಟೆ.

ಬುಧವಾರ ಬೆಳಗ್ಗೆ ಅವಳು ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದಳು. ಒಂದೇ ಕೆಲಸ ಉಳಿದಿತ್ತು. ಇಪ್ಪತ್ತಮೂರು ಕೀಲುಗಳಲ್ಲಿ ಇಪ್ಪತ್ತೆರಡು ಮಾತ್ರ ಆಡುತ್ತಿದ್ದವು. ಕುತ್ತಿಗೆಯ ಕೀಲನ್ನು ಮೊದಲಿನಿಂದಲೂ ಸೊನ್ನೆಯಲ್ಲಿ ಬಿಗಿದಿಟ್ಟಿದ್ದರು. ಮೂಲ ದಾಖಲೆಯಲ್ಲಿ ಕುತ್ತಿಗೆ ಅಲ್ಲಿ ಇಲ್ಲಿ ಅಲುಗಾಡುತ್ತಿತ್ತು. ಅದು ಗುಂಡು ಸಡಿಲವಾಗಿ ಬಂದ ತಪ್ಪು ಎಂದು ಎಲ್ಲರೂ ಅಂದುಕೊಂಡಿದ್ದರು. ಕೈಗಳದ್ದೂ ತಪ್ಪು ಎಂದೇ ಅಂದುಕೊಂಡಿದ್ದರಲ್ಲ. ಚಿಜುರು ಬಿಗಿಯನ್ನು ತೆಗೆದು, ಆಕೃತಿಯನ್ನು ಎದುರಾಗಿ ನಿಲ್ಲಿಸಿ, ಕೂತು ನೋಡಿದಳು.

ತಲೆ ಎಂದರೆ ಬರೀ ಒಂದು ಬೂದು ಗೋಲ; ಮುಂದು ಯಾವುದೆಂದು ತಿಳಿಯಲು ಹಚ್ಚಿದ ಕಪ್ಪು ಗೀಟು ಒಂದು. ಎರಡನೆಯ ವ್ಯಾಯಾಮದಲ್ಲಿ, ಕೈ ಬೀಸುತ್ತಿರುವಾಗಲೇ, ಆ ಗೀಟು ಎಡತುದಿಗೆ ಹೋಯಿತು. ಅಲ್ಲಿಂದ ಬಲಕ್ಕೆ ಸರಿಯಿತು. ಒಂದೇ ಸಮ ಸರಿಯಲಿಲ್ಲ. ತಡೆದು, ಸರಿದು, ತಡೆದು, ಸರಿದು. ಬಲತುದಿ ಮುಟ್ಟಿ, ತುಸು ಮೇಲೇರಿ, ಮೊದಲಿನಂತೆಯೇ ತಡೆದು ತಡೆದು ಮತ್ತೆ ಎಡಕ್ಕೆ ಬಂತು. ಆಮೇಲೆ ನೇರವಾಯಿತು. ಹನ್ನೊಂದನೆಯದಕ್ಕೆ, ನೆಗೆಯುವ ಮುನ್ನ, ಇನ್ನೊಂದು ಸಲ.

ಸ್ಟುಡಿಯೋದಲ್ಲಿ ಆ ದಿನ ಅವಳ ಎದುರು ಯಾರೂ ಇರಲಿಲ್ಲ. ಬಿಳಿ ಗೋಡೆ, ಎಂಟು ಕ್ಯಾಮೆರಾ. ಆದರೂ ತೊಮೊಎ ತಲೆ ಎಣಿಸಿದ್ದಳು.

ಇಪ್ಪತ್ತು, ಇಪ್ಪತ್ತೆರಡು ಮಂದಿ ಬರುತ್ತಿದ್ದರು ಆ ಪಾರ್ಕಿಗೆ, ಹೆಚ್ಚಿನವರು ಒಂಟಿ ಮನೆಯವರು. ಯಾರಾದರೂ ಬಾರದಿದ್ದರೆ, ವ್ಯಾಯಾಮ ಮುಗಿದದ್ದೇ ತಡ, ತೊಮೊಎ ಅವರ ಮನೆಯ ಗಂಟೆ ಒತ್ತಿ ಬರುತ್ತಿದ್ದಳು. "ಹೊಟ್ಟೆ ನೋವಂತೆ," ಎಂದೋ "ಮೊಮ್ಮಗ ಬಂದಿದಾನಂತೆ," ಎಂದೋ ಉಳಿದವರಿಗೆ ಸುದ್ದಿ ತಲುಪುತ್ತಿತ್ತು. ಮೇ ತಿಂಗಳ ಆ ಬೆಳಗ್ಗೆ ಮುಂದೆ ನಿಲ್ಲುವವಳೇ ಬರಲಿಲ್ಲ. ಎಲ್ಲರೂ ಒಟ್ಟಿಗೆ ಗುಡ್ಡ ಇಳಿದು ಹೋಗಿ ಗಂಟೆ ಒತ್ತಿದರು. ಆರು ಮುಕ್ಕಾಲಿಗೆ ಇಪ್ಪತ್ತೊಂದು ಮಂದಿಗೆ ಗೊತ್ತಿತ್ತು. ಲಾಂಚಿನಲ್ಲಿ ಕೂತರೆ ಮೂರೇ ನಿಮಿಷದ ದೂರದಲ್ಲಿ ಇದ್ದ ಮಗಳಿಗೆ ಗೊತ್ತಾದದ್ದು ಏಳೂ ಹತ್ತಕ್ಕೆ, ಫೋನಿನಲ್ಲಿ. ಅವಳು ಆಗ ಸೂಪಿಗೆ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದಳು. ಫೋನು ಇಟ್ಟ ಮೇಲೆ ಉಳಿದದ್ದನ್ನೂ ಹೆಚ್ಚಿ ಮುಗಿಸಿದ್ದು ಅವಳಿಗೆ ನೆನಪಿತ್ತು.

ಚಿಜುರು ದಾಖಲೆಯ ಅಂಕಿಗಳನ್ನು ತೆರೆದಳು. ಕುತ್ತಿಗೆ ಎಡಕ್ಕೆ ನಲವತ್ತೊಂದು ಡಿಗ್ರಿ, ಬಲಕ್ಕೆ ಮೂವತ್ತೆಂಟು. ತಡೆದ ಜಾಗಗಳನ್ನು ಪೆನ್ಸಿಲಿನಿಂದ ಎಣಿಸಿದಳು. ಇಪ್ಪತ್ತೊಂದು. ಮತ್ತೆ ಎಣಿಸಿದಳು, ಅಷ್ಟೇ ಬಂತು. ಬೆರಳು ಮಾಡಲು ಕೈ ಎತ್ತಿದಳು. ಬಾಯಿಂದ ಏನು ಹೇಳಬೇಕೆಂದು ಗೊತ್ತಾಗದೆ ಕೈ ಇಳಿಸಿದಳು.

ಸೊನೊಬೆ ಬಂದು ಚೀಲ ಇಡುತ್ತ ತೆರೆ ನೋಡಿದ. "ಕುತ್ತಿಗೆ ಬಿಚ್ಚಿದ್ರಾ? ನಾಳೆಯ ಪರೀಕ್ಷೆಗೆ ಅದು ಬೇಡವಲ್ಲ. ಸುಮ್ನೆ ಯಾಕೆ ತಲೆನೋವು."

"ಇರ್ಲಿ."

"ಮುಖ್ಯಸ್ಥರು ಕೇಳಿದ್ರೆ?"

"ದಾಖಲೆಯಲ್ಲಿ ಇದ್ದ ಹಾಗೆ ಅಂತ ಹೇಳ್ತೀನಿ."

ಗುರುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಉಮೆಜು ಬಂದಳು. ಅರವತ್ತರ ಹೆಂಗಸು, ಗಿಡ್ಡ ಕೂದಲು, ಮುದುಕರನ್ನು ಎತ್ತಿ ಎತ್ತಿ ಗಂಡಸರಂತೆ ಬಲಿತ ಮುಂಗೈ. ಬಂದವಳೇ ಕುಸಾಕಾ ಕೊಟ್ಟ ಸ್ಲಿಪ್ಪರಿಗೆ ಕಾಲು ತೂರಿಸುತ್ತ, "ಹೋದ ಸಲ ತೋರಿಸಿದ್ದು ಅರ್ಧಕ್ಕೇ ಮಲಗಿಬಿಡ್ತು. ಈ ಸಲ ನಮ್ಮಲ್ಲಿ ಎಲ್ಲರೂ ಪಣ ಕಟ್ಟಿದಾರೆ," ಎಂದಳು.

"ಪಣ? ಯಾವುದರ ಮೇಲೆ?" ಎಂದ ಕುಸಾಕಾ.

"ಎಷ್ಟನೆಯ ವ್ಯಾಯಾಮಕ್ಕೆ ಬೀಳುತ್ತೆ ಅಂತ. ತೊಂಬತ್ತೆರಡರ ಮಾಯೆದಾ-ಸಾನ್ ಒಬ್ಬರೇ ಬೀಳಲ್ಲ ಅಂದ್ರು. ಪಣ ಒಂದು ಹುರುಳಿ ಮಿಠಾಯಿ, ಹೆದರಬೇಡಿ."

ದೊಡ್ಡ ತೆರೆಯ ಮೇಲೆ ಆಕೃತಿ ಎದುರಾಗಿ ನಿಂತಿತು. ಪಿಯಾನೊ ಶುರುವಾಯಿತು. ಒಂದನೆಯದು ಮುಗಿಯುವುದರೊಳಗೆ ಉಮೆಜು ಕುರ್ಚಿ ಬಿಟ್ಟು ಎದ್ದಿದ್ದಳು. ಆ ಸಂಗೀತ ಕೇಳಿದರೆ ಅವಳಿಗೆ ಕೂತಿರಲು ಬರುತ್ತಿರಲಿಲ್ಲ. ಆಕೃತಿ ಎಡಗೈ ಬೀಸಿದರೆ ಅವಳು ಬಲಗೈ ಬೀಸಿದಳು, ಯೋಚಿಸದೆ, ಬಾಯಲ್ಲಿ ಎಣಿಸುತ್ತ. ಎಲ್ಲಿಯೂ ತೊಡರಲಿಲ್ಲ. ಎರಡನೆಯದರಲ್ಲಿ ಕಪ್ಪು ಗೀಟು ಕೋಣೆಯ ಉದ್ದಕ್ಕೂ ಸರಿದಾಗ ಅವಳು ಹುಬ್ಬೆತ್ತಿದಳು. ಹನ್ನೊಂದನೆಯದರಲ್ಲಿ ಮತ್ತೆ ಸರಿದಾಗ ಎಣಿಸುವುದನ್ನು ನಿಲ್ಲಿಸಿದಳು. ಆಕೃತಿ ಕೊನೆಯ ಉಸಿರು ಬಿಟ್ಟು ನಿಂತಿತು.

ಕುಸಾಕಾ ಕನ್ನಡಕಕ್ಕೆ ಕೈ ಹಾಕಿದ್ದವನು ಹಾಗೇ ಬಿಟ್ಟ. "ಕುತ್ತಿಗೆಯದು ಒಂದು ಸಣ್ಣ ಅಲುಗಾಟ ಇದೆ. ತೆಗೆದುಬಿಡಬಹುದು, ಅಲ್ಲವಾ ನೊಗಾಮಿ-ಸಾನ್?"

"ತೆಗೀಬೇಡಿ," ಎಂದಳು ಉಮೆಜು. "ಇದು ಯಾರು? ಈ ಮನುಷ್ಯರು ಯಾರು?"

"ಪಾರ್ಕಿನಲ್ಲಿ ವ್ಯಾಯಾಮ ಮಾಡಿಸ್ತಿದ್ದ ಒಬ್ಬರು ಅಜ್ಜಿ. ಹೆಸರು ಹೇಳೋ ಹಾಗಿಲ್ಲ, ನಿಯಮ. ನಮ್ಮಲ್ಲಿ ವ್ಯಕ್ತಿ ಮೂರು ಅಂತೀವಿ."

"ನಮ್ಮಮ್ಮ," ಎಂದಳು ಚಿಜುರು.

ಎಡ ಭುಜ, ಬಲ ಭುಜ ಎನ್ನುವ ದನಿಯಲ್ಲೇ ಹೇಳಿದಳು. ಸೊನೊಬೆಯ ಕಿವಿ ಕೆಂಪಾಗಿ, ಕೆಂಪು ಕುತ್ತಿಗೆಗೆ ಇಳಿಯಿತು. ಕುಸಾಕಾ ಬಾಯಿ ತೆರೆದ, "ಮೇ ತಿಂಗಳಲ್ಲಿ..." ಎಂದ, ಮುಚ್ಚಿದ. "ಹೇಳಬಾರದಿತ್ತಾ, ನೊಗಾಮಿ-ಸಾನ್," ಎಂದ ಕೊನೆಗೆ. "ಅಳಿಸಿಬಿಡಿ ಅಂತ ನಿಮಗೇ ಹೇಳಿದೆನಲ್ಲ ನಾನು."

"ಕೆಲಸದ ಮಾತಲ್ವಾ ಅದು," ಎಂದಳು ಅವಳು.

ಉಮೆಜು ಸಮಾಧಾನದ ಮಾತು ಯಾವುದನ್ನೂ ಆಡಲಿಲ್ಲ. ಸಾವಿನ ಮನೆಗಳಿಗೆ ಹೋಗಿ ಹೋಗಿ ಅವಳಿಗೆ ಆ ಮಾತುಗಳ ಅಳತೆ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಚಿಜುರುವಿನ ಪಕ್ಕ ಕೂತಳು.

"ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ತಲೆ ಇಷ್ಟು ಬೇಗ ತಿರುಗ್ತಿತ್ತಾ ಅವರದು?"

"ತಿರುಗ್ತಿತ್ತು. ಇಪ್ಪತ್ತೊಂದು ಜನ, ಎರಡು ಸಾಲು. ವ್ಯಾಯಾಮ ನಿಲ್ಲಿಸೋ ಹಾಗಿರಲಿಲ್ಲ."

"ನಮ್ಮಲ್ಲಿ ಇರೋದು ಒಂಬತ್ತು ಜನ. ಕಣ್ಣೂ ಮಂದ. ಹೀಗೆ ಸರಕ್ಕನೆ ತಿರುಗಿದ್ರೆ ಹದ್ದು ನೋಡಿದ ಹಾಗೆ ಹೆದರ್ತಾರೆ. ನಿಧಾನ ಆಗ್ಬೇಕು. ಒಬ್ಬೊಬ್ಬರಿಗೂ, ಓ ನನ್ನನ್ನ ನೋಡಿತು, ಅಂತ ಗೊತ್ತಾಗ್ಬೇಕು. ಆಗುತ್ತಾ?"

"ಆಗುತ್ತೆ."

ಕುತ್ತಿಗೆಯ ಕೀಲಿನ ವೇಗಕ್ಕೆ ಒಂದು ಮಿತಿ ಇರುತ್ತದೆ. ಸೆಕೆಂಡಿಗೆ ತೊಂಬತ್ತು ಡಿಗ್ರಿ ಎಂದು ಬರೆದಿತ್ತು. ಚಿಜುರು ಅದನ್ನು ಅಳಿಸಿ ಅರವತ್ತು ಎಂದು ಬರೆದಳು. ಆಕೃತಿಯನ್ನು ಎರಡನೆಯ ವ್ಯಾಯಾಮದಿಂದ ಓಡಿಸಿದಳು.

ಉಮೆಜು ಮತ್ತೆ ಎದ್ದು ತೆರೆಯ ಮುಂದೆ ನಿಂತಳು. "ಇನ್ನೂ ಸ್ವಲ್ಪ."

ನಲವತ್ತು. ಗೀಟು ಸರಿಯಿತು, ತಡೆಯಿತು, ಸರಿಯಿತು.

"ಸೊನೊಬೆ-ಸಾನ್, ಅಲ್ಯಾಕೆ ಮೂಲೇಲಿ? ನೀವೂ ಬನ್ನಿ, ಒಂಬತ್ತು ಜನರ ಲೆಕ್ಕಕ್ಕೆ ಇನ್ನೊಬ್ಬರಾದ್ರೂ ಆಗ್ಲಿ," ಎಂದಳು ಉಮೆಜು. ಅವನು ಬಂದು, ತಲೆ ತಗ್ಗಿಸಿ, ಅವಳ ಪಕ್ಕದಲ್ಲಿ ನಿಂತ. ಕುಸಾಕಾ ಕರೆಸಿಕೊಳ್ಳದೆಯೇ ಬಂದು ನಿಂತ.

ಇಪ್ಪತ್ತೈದು. ಬೂದು ತಲೆ ಎಡತುದಿಗೆ ಹೋಗಿ, ಕುಸಾಕಾನ ಬಳಿ ತಡೆದು, ಸೊನೊಬೆಯ ಬಳಿ ತಡೆದು, ಉಮೆಜುವಿನ ಬಳಿ ತಡೆಯಿತು. ಉಮೆಜು ಗೊತ್ತಿಲ್ಲದೆಯೇ ತಲೆಬಾಗಿದಳು. ಅಲ್ಲಿಂದ ಮುಂದೆ ಬಲತುದಿಯವರೆಗೆ ಯಾರೂ ಇರಲಿಲ್ಲ. ತಲೆ ಅಲ್ಲಿಯೂ, ಖಾಲಿ ಜಾಗದಲ್ಲಿಯೂ, ಒಂದೊಂದು ಕಡೆ ತಡೆಯುತ್ತ ಹೋಯಿತು.

"ಈಗ ಸರಿಯಾಯ್ತಾ?" ಎಂದು ಚಿಜುರು ಕೇಳಿದಳು. ಅವಳ ಕೈ ಅಂಕಿಯ ಮೇಲೆಯೇ ಇತ್ತು.

"ನನಗೆ ಸರಿ. ನೀವು ಒಂದ್ಸಲ ನೋಡಿ. ಕೂತ್ಕೊಂಡ್ರೆ ಗೊತ್ತಾಗಲ್ಲ, ಎದ್ದು ನಿಲ್ಲಿ."

ಚಿಜುರು ಎದ್ದು, ಉಮೆಜುವಿನ ಆಚೆ, ಬಲಗಡೆ ನಿಂತಳು. ಸೊನೊಬೆ ಹಿಂದೆ ಸರಿದು ಗುಂಡಿ ಒತ್ತಿ ಮತ್ತೆ ತನ್ನ ಜಾಗಕ್ಕೆ ಬಂದ. ಪಿಯಾನೊ ಇರಲಿಲ್ಲ, ಕೈಗಳು ಸದ್ದಿಲ್ಲದೆ ಬೀಸಿದವು. ಕಪ್ಪು ಗೀಟು ಒಬ್ಬರಿಂದ ಒಬ್ಬರಿಗೆ ಸರಿದು ಬಂದು ಅವಳ ಮುಂದೆ ತಡೆಯಿತು. ಒಂದು ಸೆಕೆಂಡಿಗಿಂತ ಕಡಿಮೆ. ಆಮೇಲೆ ಪಕ್ಕದ ಖಾಲಿ ಜಾಗಕ್ಕೆ ಹೋಯಿತು.

"ಹೇಗೆ?" ಎಂದಳು ಉಮೆಜು.

ಚಿಜುರು ತೆರೆಯನ್ನೇ ನೋಡುತ್ತಿದ್ದಳು. ತಲೆ ಹಿಂದಿನ ಸಾಲನ್ನೂ ಮುಗಿಸಿ ನೇರವಾಗುವವರೆಗೆ ಕಾದಳು.

"ಇನ್ನೂ ಸ್ವಲ್ಪ ನಿಧಾನ ಮಾಡ್ಬಹುದು," ಎಂದಳು. ಹೋಗಿ ಕೂತು, ಇಪ್ಪತ್ತೈದನ್ನು ಅಳಿಸಿ ಇಪ್ಪತ್ತು ಎಂದು ಬರೆದಳು.